ಒಲ್ಲೆನೆಂದ ಅರಸುಮಕ್ಕಳು

ರಷ್ಯದವರು ಓಲ್ಗಾ ಎಂಬ ರಾಣಿಯನ್ನು ಸಂತಳೆಂದು ಪೂಜಿಸುತ್ತಾರೆ. ಹತ್ತನೆಯ ಶತಮಾನದ ಕೀವ್‌ನವಳು. ಗಂಡನನ್ನು ಕೊಂದವರ ಊರಿಗೇ ಬೆಂಕಿಯಿಟ್ಟಳೆಂದು ಕಥೆ. ಆಮೇಲೆ ಕ್ರೈಸ್ತಳಾಗಿ ಪಟಗಳಲ್ಲಿ ಶಿಲುಬೆ ಹಿಡಿದು ನಿಂತಳು. ಎಂಥ ಗಟ್ಟಿಗಿತ್ತಿ! ನಮ್ಮ ಮೈಸೂರಿನ ಅಶೋಕ ರಸ್ತೆಯಲ್ಲೂ ಒಬ್ಬ ಸಂತ ರಾಜಕುಮಾರಿ ಇದ್ದಾಳೆ. ಇವಳು ಯಾರಿಗೂ ಬೆಂಕಿಯಿಟ್ಟವಳಲ್ಲ. ಒಬ್ಬ ಚಕ್ರವರ್ತಿಗೆ ಒಲ್ಲೆ ಎಂದಳು, ಅಷ್ಟೆ.

ಸಂತ ಫಿಲೋಮಿನಾ ಚರ್ಚಿಗೆ ಬಂದವರು 175 ಅಡಿಯ ಜೋಡಿ ಗೋಪುರಗಳಿಗೆ ಕತ್ತೆತ್ತುವುದರಲ್ಲೇ ದಣಿದುಬಿಡುತ್ತಾರೆ. ನನಗೆ ಅದರ ನೆಲಮಾಳಿಗೆಯೇ ಹೆಚ್ಚು ಇಷ್ಟ. ಪೀಠದ ಅಡಿಗೆ ಇಳಿದರೆ ಮೇಣದ ವಾಸನೆ, ಇಕ್ಕಟ್ಟಾದ ದಾರಿ, ಗೋಡೆಯ ತುಂಬ ಹೆಸರು ಕೆತ್ತಿದ ಕಲ್ಲುಗಳು; ನಡುವೆ ಒರಗಿ ಮಲಗಿದ ಹುಡುಗಿಯ ಮೂರ್ತಿ. ಮಲ್ಲಿಗೆ ಮುಡಿದವರೂ ಅಲ್ಲಿ ಕೈಮುಗಿಯುತ್ತಾರೆ. ಹರಕೆಗೆ ಮತದ ಗೊಡವೆ ಎಲ್ಲಿಯದು?

ಅವಳ ಕಥೆ ಹೀಗಿದೆ. ಗ್ರೀಸಿನ ಒಬ್ಬ ಅರಸು ದಂಪತಿಗೆ ಮಕ್ಕಳಿರಲಿಲ್ಲ. ಕ್ರಿಸ್ತನನ್ನು ನಂಬಿದ ಮೇಲೆ ಫಿಲೋಮಿನಾ ಹುಟ್ಟಿದಳು. ಹದಿಮೂರರ ಪ್ರಾಯದಲ್ಲಿ ಅವಳನ್ನು ಕಂಡ ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ ಮದುವೆಯಾಗೆಂದ. ಅವಳು ಒಪ್ಪಲಿಲ್ಲ. ಚಾವಟಿಯಿಂದ ಹೊಡೆಸಿದ, ಕೊರಳಿಗೆ ಲಂಗರು ಕಟ್ಟಿ ಟೈಬರ್ ನದಿಗೆ ಎಸೆಸಿದ, ಬಾಣ ಬಿಡಿಸಿದ, ಕೊನೆಗೆ ತಲೆ ಕಡಿಸಿದ. ಇಷ್ಟೂ ವಿವರ ಹೊರಬಂದದ್ದು 1833ರಲ್ಲಿ, ಇಟಲಿಯ ಒಬ್ಬ ಸನ್ಯಾಸಿನಿಗೆ ಆದ ದರ್ಶನದಿಂದ. ಅದಕ್ಕೂ ಮುಂಚೆ, 1802ರಲ್ಲಿ, ರೋಮಿನ ಪ್ರಿಸಿಲ್ಲಾ ನೆಲಗೋರಿಯಲ್ಲಿ ಸಿಕ್ಕಿದ್ದು ಎಳೆಯ ಹುಡುಗಿಯ ಎಲುಬುಗಳು. ಗೋರಿಯ ಹೆಂಚುಗಳ ಮೇಲೆ ಒಂದು ಹೆಸರು, ಲಂಗರಿನ, ಬಾಣದ ಗುರುತುಗಳು. ಇಷ್ಟರ ಮೇಲೆ ಇತಿಹಾಸ ಕಟ್ಟಲು ವಿದ್ವಾಂಸರು ಒಪ್ಪಲಿಲ್ಲ. 1961ರಲ್ಲಿ ರೋಮ್ ತನ್ನ ಪಂಚಾಂಗಗಳಿಂದ ಅವಳ ಹಬ್ಬವನ್ನೇ ತೆಗೆಯಿತು. ಮೈಸೂರು ಮಾತ್ರ ಚರ್ಚಿನ ಹೆಸರು ಬದಲಿಸಲಿಲ್ಲ. ಒಳ್ಳೆಯದೇ ಮಾಡಿತು.

ಆಕೆಯ ಅವಶೇಷದ ತುಣುಕೊಂದನ್ನು 1926ರಲ್ಲಿ ಇಲ್ಲಿಗೆ ತರಿಸಿಕೊಂಡವರು ಅರಸರ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದ ಹಳೆಯ ಚರ್ಚಿನ ಜಾಗದಲ್ಲಿ 1933ರಲ್ಲಿ ಹೊಸದಕ್ಕೆ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ಪಟ್ಟ ತಮ್ಮನ ಮಗನಿಗೆ ಹೋಯಿತು. ಅದಕ್ಕೆ ಊರಿನವರು ಕೊಡುವ ಕಾರಣ ಎಲ್ಲರಿಗೂ ಗೊತ್ತು: ಅಲಮೇಲಮ್ಮ.

ಅವಳೂ ಒಲ್ಲೆನೆಂದವಳೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದಾಗ, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ. ಅಲ್ಲಿನ ದೇವಿ ರಂಗನಾಯಕಿಗೆ ತೊಡಿಸುತ್ತಿದ್ದ ಒಡವೆಗಳನ್ನು ಕೇಳಿ ಭಟರು ಬೆನ್ನಟ್ಟಿದರು. ಅವಳು ಒಡವೆಗಳೊಂದಿಗೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂದು ಕಥೆ. ಹಾರುವ ಮುನ್ನ ತಲಕಾಡು ಮರಳಾಗಲೆಂದೂ ಒಡೆಯರಿಗೆ ಮಕ್ಕಳಾಗದಿರಲೆಂದೂ ಶಪಿಸಿದಳಂತೆ. ಶಾಪದ ಲೆಕ್ಕ ನನಗೆ ಬೇಡ. ತಲಕಾಡಿನ ಮರಳಿಗೆ ಭೂಗೋಳದವರ ಬಳಿ ಬೇರೆ ಉತ್ತರವಿದೆ. ಒಬ್ಬಳು ಟೈಬರಿಗೆ, ಒಬ್ಬಳು ಕಾವೇರಿಗೆ. ಒಬ್ಬಳು ಹರಸುವವಳು, ಒಬ್ಬಳು ಶಪಿಸಿದವಳು. ಇಬ್ಬರಿಗೂ ಈ ಊರಿನಲ್ಲಿ ಗುಡಿಯಂಥದೊಂದು ಜಾಗವಿದೆ.

ಅಲಮೇಲಮ್ಮನ ಮೂರ್ತಿಗೆ ಪೂಜೆ ನಡೆಯುವುದು ಅರಮನೆಯಲ್ಲೇ, ಅವಳನ್ನು ಬೆನ್ನಟ್ಟಿದವರ ವಂಶದವರಿಂದಲೇ. ಈ ಮನೆತನದ ಬಗ್ಗೆ ನನಗಿರುವ ಗೌರವಕ್ಕೆ ದಸರೆಯ ಜಂಬೂಸವಾರಿಗಿಂತ ಇದೇ ದೊಡ್ಡ ಕಾರಣ.