ನೆಲಕ್ಕೊಂದು ತಂತಿ

ಬಸವನಗುಡಿಯಲ್ಲಿ ಹವ್ಯಾಸಿ ರೇಡಿಯೋ ಇಡುವವರು ಆಕಾಶಕ್ಕಿಂತ ಮೊದಲು ನೆಲದೊಡನೆ ಜಗಳವಾಡಬೇಕು. ಏರಿಯಲ್ ಕಟ್ಟುವುದು ಅರ್ಧ ದಿನದ ಕೆಲಸ. ಅದರ ಮೇಲೆರಗುವ ಸಿಡಿಲಿಗೆ ಮಣ್ಣಿನೊಳಕ್ಕೆ ದಾರಿ ಮಾಡಿಕೊಡುವುದೇ ಪ್ರಯಾಸ. ಇಲ್ಲಿ ಮಣ್ಣೆಂಬುದು ಬಂಡೆ ಹೊದ್ದ ತೆಳು ಕಂಬಳಿ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಂತೆ. ಅದರ ದಾಯಾದಿಯೊಬ್ಬ ನಮ್ಮ ಹಿತ್ತಲಲ್ಲೂ ಮಲಗಿದ್ದಾನೆ.

ತಾಮ್ರ ಲೇಪಿಸಿದ ಎಂಟಡಿ ಸಲಾಕೆ ಎರಡಡಿ ಇಳಿದು ನಿಂತಿತು. ಮೇಸ್ತ್ರಿ ಹಾರೆಯನ್ನು ಗೋಡೆಗೊರಗಿಸಿ, “ದೇವರು ಹಾಕಿದ ತಳಪಾಯ ಸ್ವಾಮೀ! ಮನೆಗೆ ಒಳ್ಳೇದು, ನಿಮ್ಮ ತಂತಿಗಲ್ಲ” ಎಂದ.

ಆಳ ಸಿಗದ ಮೇಲೆ ಅಗಲವೇ ಗತಿ. ಒಂದೂವರೆ ಅಡಿ ಕಾಲುವೆ ತೋಡಿಸಿ, ಮನೆಯ ಸುತ್ತ ತಾಮ್ರದ ಪಟ್ಟಿ ಹಾಸಿದೆವು. ಮಣ್ಣು ಸಿಕ್ಕಲ್ಲಿ ಗಿಡ್ಡ ಸಲಾಕೆ ಹೊಡೆದು ಅದಕ್ಕೆ ಸೇರಿಸಿದೆವು. ಉಪ್ಪು-ಇದ್ದಿಲು ಹಳೆಯ ಮದ್ದು. ಇದ್ದಿಲೇನೋ ತೇವ ಹಿಡಿಯುತ್ತದೆ. ಉಪ್ಪು ಮಳೆಗೆ ಕೊಚ್ಚಿಹೋಗುತ್ತದೆ, ಇರುವಷ್ಟು ದಿನ ಲೋಹವನ್ನೂ ತಿನ್ನುತ್ತದೆ. ಆದ್ದರಿಂದ ಬೆಂಟೊನೈಟ್ ಜೇಡಿಯನ್ನು ಕಲಸಿ ತುಂಬಿಸಿದೆ. ಬಚ್ಚಲ ನೀರನ್ನು ಅತ್ತ ತಿರುಗಿಸಿದ ಬುದ್ಧಿ ಮನೆಯಾಕೆಯದು, ಬಾಳೆಗಿಡಕ್ಕೂ ಲಾಭವಾಯಿತು.

“ರೇಡಿಯೋಗೆ ಬೇರೆ ಅರ್ಥ್ ಇರಲಿ, ಮನೆಯದಕ್ಕೆ ಸೇರಿಸಬೇಡಿ” ಎಂದು ಎಲೆಕ್ಟ್ರಿಷಿಯನ್ ಹಟ ಹಿಡಿದ. ನಾನು ಬಿಡಲಿಲ್ಲ. ಸಿಡಿಲು ಬಿದ್ದ ಗಳಿಗೆಯಲ್ಲಿ ಎರಡು ಅರ್ಥ್‌ಗಳ ವೋಲ್ಟೇಜು ಒಂದೇ ಆಗಿರುವುದಿಲ್ಲ. ಆ ವ್ಯತ್ಯಾಸ ಹರಿಯುವುದು ರೇಡಿಯೋ ಮೂಲಕ, ಅದನ್ನು ಮುಟ್ಟಿದವರ ಮೂಲಕ. ಲೈಸೆನ್ಸ್ ಪಡೆದು ಅದರ ಮುಂದೆ ಕೂರುವವಳು ನನ್ನ ಮಗಳು. ದಪ್ಪ ತಂತಿಯಿಂದ ಎರಡನ್ನೂ ಬೆಸೆದದ್ದಾಯಿತು.

ಮಳೆಗಾಲದಲ್ಲಿ ಮೀಟರಿನ ಮುಳ್ಳು ಸಮಾಧಾನ ಹೇಳುತ್ತದೆ, ಬೇಸಿಗೆಯಲ್ಲಿ ಮುನಿಯುತ್ತದೆ. ಮೋಡ ಕವಿಯುವ ಮೊದಲೇ ಮಗಳು ಏರಿಯಲ್ಲಿನ ತಂತಿ ಕಿತ್ತು ಕಿಟಕಿಯಾಚೆ ಹಾಕಿ ಊಟಕ್ಕೆ ಬರುತ್ತಾಳೆ.