ಸಹಿ ಅಕ್ಕನದು

ಸಂತೆಗೆ ಹೊರಟರೂ ಅಕ್ಕನ ಎದೆ ಡವಡವ, ಅಂಗೈ ಬೆವರು. ಊರವರು ಗಾಳಿ ಸೋಕಿದೆ ಅಂದರು. ಡಾಕ್ಟರು ಆತಂಕದ ಕಾಯಿಲೆ ಅಂದರು. ನಗರದ ಆಸ್ಪತ್ರೆಯಲ್ಲಿ ಹೊಸ ಔಷಧಿಯ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದರು. ಮಾತ್ರೆ ಪುಕ್ಕಟೆ ಅಂತ ನಾವು ಪೆನ್ನು ತೆಗೆದೇಬಿಟ್ಟೆವು.

"ಮೊದಲು ಓದಿ ಹೇಳ್ರೋ" ಅಂದಳು ಅಕ್ಕ.

ಓದಿದೆವು. ಕೆಲವರಿಗೆ ಸಿಗುವುದು ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮವೇ ಹೇಳುತ್ತದೆ. ಒಪ್ಪಿಗೆ ಪತ್ರದ ಒಂದು ಪ್ರತಿ ನಮ್ಮ ಕೈಗೂ ಬರಬೇಕು.

ಅಕ್ಕ ಒಂದು ವಾರ ಯೋಚಿಸಿದಳು. ಆಮೇಲೆ ತಾನೇ ಸಹಿ ಹಾಕಿದಳು. ನಾವು ಪಕ್ಕದಲ್ಲಿ ಕೂತಿದ್ದೆವು, ಅಷ್ಟೆ.