ಕೆಳಬಾಣ ನಾಲ್ಕು ಸಲ

ಪುಣೆಯ ನಮ್ಮ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಎರಡು ಆಪರೇಟಿಂಗ್ ಸಿಸ್ಟಂಗಳು: ನನ್ನ ಕೆಲಸಕ್ಕೆ ಉಬುಂಟು, ಅಪ್ಪನ ಬರವಣಿಗೆಗೆ ವಿಂಡೋಸ್ 7. ಹೈಸ್ಕೂಲ್ ಮೇಷ್ಟರಾಗಿ ನಿವೃತ್ತರಾಗಿದ್ದ ಅಪ್ಪ, ಅಮ್ಮ ತೀರಿಕೊಂಡ ಮೇಲೆ ಸಾಗರದ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದಿದ್ದರು. ನುಡಿಯಲ್ಲಿ ಟೈಪ್ ಮಾಡುವುದನ್ನು ಊರಲ್ಲೇ ಕಲಿತಿದ್ದರು. ಬೆಳಗಿನ ಐದೂವರೆಗೆಲ್ಲ ಕೂತು ತಮ್ಮ ನೆನಪುಗಳನ್ನು ಬರೆಯುತ್ತಿದ್ದರು.

ಒಂದೇ ಡಿಸ್ಕನ್ನು ಪಾಲು ಮಾಡಿ ಎರಡು ಸಿಸ್ಟಂ ಕೂರಿಸುವುದು ಕಷ್ಟದ ಕೆಲಸವೇನಲ್ಲ. ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಹಾಕಿದರೆ, ಗ್ರಬ್ ಎಂಬ ಪುಟ್ಟ ಪ್ರೋಗ್ರಾಂ ಬಾಗಿಲಲ್ಲಿ ನಿಂತು ಯಾವುದು ಬೇಕೆಂದು ಕೇಳುತ್ತದೆ. ಹತ್ತು ಸೆಕೆಂಡು ಕಾಯುತ್ತದೆ. ಯಾರೂ ಏನೂ ಒತ್ತದಿದ್ದರೆ ಪಟ್ಟಿಯಲ್ಲಿ ಮೊದಲಿರುವುದನ್ನು ತೆರೆಯುತ್ತದೆ. ಮೊದಲಿದ್ದದ್ದು ನನ್ನ ಉಬುಂಟು. ಅಪ್ಪನ ವಿಂಡೋಸ್ ಐದನೆಯದು.

ಇನ್ನೊಂದು ತಕರಾರು ಗಡಿಯಾರದ್ದು. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಯುಟಿಸಿಗೆ ಹೊಂದಿಸಿಡುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದಿಕೊಳ್ಳುತ್ತದೆ. ರಾತ್ರಿ ನಾನು ಉಬುಂಟು ಬಳಸಿ ಮಲಗಿದರೆ, ಬೆಳಗ್ಗೆ ಅಪ್ಪನ ಪರದೆಯ ಮೇಲೆ ಸಮಯ ಐದೂವರೆ ಗಂಟೆ ಹಿಂದೆ. "ನಿನ್ನ ಕಂಪ್ಯೂಟರಿಗೆ ಇನ್ನೂ ಮಧ್ಯರಾತ್ರಿ ಕಣೋ" ಎಂದು ನಗುತ್ತಿದ್ದರೇ ಹೊರತು, ಸರಿ ಮಾಡು ಎಂದವರಲ್ಲ.

ಒಂದು ದಿನ ನಾನು ಏಳುವಾಗ ಎಂಟು ಗಂಟೆ. ಅಪ್ಪ ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕೂತಿದ್ದರು. ಕಾಫಿ ತರಲು ಹೋದಾಗ ಹತ್ತು ಸೆಕೆಂಡು ಮುಗಿದು, ಉಬುಂಟು ನನ್ನ ಪಾಸ್‌ವರ್ಡ್ ಕೇಳುತ್ತಾ ನಿಂತಿತ್ತು.

"ಆಫ್ ಮಾಡಿ ಮತ್ತೆ ಆನ್ ಮಾಡಬಹುದಿತ್ತಲ್ಲ ಅಪ್ಪ?"

"ನಿನ್ನ ಆಫೀಸಿನದು ಏನಾದರೂ ಅಳಿಸಿಹೋದರೆ?"

"ನನ್ನನ್ನು ಎಬ್ಬಿಸಬೇಕಿತ್ತು."

"ರಾತ್ರಿ ಎರಡರವರೆಗೆ ಫೋನಿನಲ್ಲಿದ್ದೆಯಲ್ಲೋ."

ಮರುದಿನ ಕೀಬೋರ್ಡಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದರು, ಮೇಷ್ಟರ ದುಂಡು ಅಕ್ಷರದಲ್ಲಿ: "ಕಾಫಿ ಆಮೇಲೆ. ಕೆಳಬಾಣ ನಾಲ್ಕು ಸಲ. ಗಡಿಯಾರಕ್ಕೆ ಐದೂವರೆ ಕೂಡಿಸು."

ನಮ್ಮ ಪ್ರಾಜೆಕ್ಟುಗಳಲ್ಲಿ ಒಂದು ರೂಢಿಯಿದೆ. ಬಳಕೆದಾರರು ತಾವೇ ಏನೋ ಒಂದು ದಾರಿ ಕಂಡುಕೊಂಡರೆ, ಆ ದೋಷವನ್ನು ಪಟ್ಟಿಯ ಕೆಳಕ್ಕೆ ತಳ್ಳುತ್ತೇವೆ. ಅದು ಅಲ್ಲೇ ಉಳಿದುಬಿಡುತ್ತದೆ. ಚೀಟಿ ನೋಡಿ ನಾನೂ ನಕ್ಕೆ, ಆಫೀಸಿಗೆ ಹೊರಟೆ. ಆ ಚೀಟಿಯ ಆಧಾರದ ಮೇಲೆ ಅಪ್ಪ ನಾಲ್ಕು ವರ್ಷ ಬರೆದರು.

ಅಪ್ಪ ಹೋಗಿ ಈಗ ವರ್ಷವಾಯಿತು. ಹೋದ ತಿಂಗಳು ಅವರ ಫೈಲುಗಳನ್ನು ಯುನಿಕೋಡ್‌ಗೆ ಬದಲಾಯಿಸಲು ಕೂತೆ. ಅವರು ಬಳಸಿದ ಹಳೆಯ ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ಆ ಪುಟಗಳು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಬದಲಾಯಿಸಿದ ಮೇಲೂ ಅಲ್ಲಲ್ಲಿ ಒತ್ತಕ್ಷರ ಕೆಟ್ಟಿರುತ್ತದೆ. ಸಾಲು ಸಾಲಾಗಿ ಓದಿ ತಿದ್ದಬೇಕು. ಹಾಗಾಗಿ ದಿನವೂ ವಿಂಡೋಸ್ ತೆರೆಯಬೇಕಾಯಿತು. ಒಮ್ಮೆ ಕಾಫಿಗೆ ಹೋದೆ, ಹತ್ತು ಸೆಕೆಂಡು ತಪ್ಪಿತು. ಮರುದಿನ ಯಾವುದೋ ಫೋನು, ಮತ್ತೆ ತಪ್ಪಿತು. ಮೂರನೆಯ ದಿನ ಸಿಟ್ಟು ಬಂದು, ವಿಂಡೋಸ್ ತಾನಾಗಿ ತೆರೆಯುವಂತೆ ಗ್ರಬ್‌ನ ಸೆಟ್ಟಿಂಗ್ ಬದಲಿಸಿದೆ. ಗಡಿಯಾರವನ್ನೂ ಸರಿಪಡಿಸಿದೆ.

ಎರಡೂ ಸೇರಿ ಐದು ನಿಮಿಷ ಹಿಡಿಯಲಿಲ್ಲ.